ಎದುರಾಳಿಗೆ ಗೊತ್ತಿದ್ದ ಕಿಟಕಿ

ನನ್ನ ಹೆಬ್ಬೆರಳುದ್ದದ ಸೈನಿಕನ ಹಸಿರು ಟೊಪ್ಪಿಯನ್ನು ಎದುರಾಳಿ ಉಗುರಿನಿಂದ ಮೆಲ್ಲನೆ ಕೆರೆದ. ಬೊಂಬೆಗಳ ಸೈನ್ಯವನ್ನು ಮೇಜಿನ ಮೇಲೆ ಹೂಡಿ ಆಡುವ ಈ ಯುದ್ಧದಾಟದಲ್ಲಿ ಇನ್ನೊಬ್ಬರ ಬೊಂಬೆಯನ್ನು ಕೇಳದೆ ಯಾರೂ ಮುಟ್ಟುವುದಿಲ್ಲ. ಅವನನ್ನು ನಾನು ಮೊದಲ ಬಾರಿ ಕಂಡದ್ದೇ ಮಂಗಳೂರಿನ ಆ ಪಂದ್ಯಾವಳಿಯಲ್ಲಿ.

“ಇದರ ಟೊಪ್ಪಿ ಮೊದಲು ನೀಲಿ ಇತ್ತಲ್ವಾ? ನಮ್ಮ ಟೆರೇಸಿಂದ ಝೂಮ್ ಮಾಡಿದ್ರೆ ನಿಮ್ಮ ಕಿಟಕಿ ಚೆಂದ ಕಾಣ್ತದೆ ಮಾರಾಯ್ರೆ,” ಎಂದು ನಕ್ಕ.

ಆ ನೀಲಿಯ ಮೇಲೆ ನಾನು ಹಸಿರು ಹಚ್ಚಿದ್ದು ಮನೆಯ ಕಿಟಕಿಯ ಬಳಿ ಕೂತು, ಯಾರಿಗೂ ತೋರಿಸದೆ. ಗೆಲ್ಲುತ್ತಿದ್ದ ಆಟವನ್ನು ಅಲ್ಲೇ ಬಿಟ್ಟು ಸುರತ್ಕಲ್ ಬಸ್ಸು ಹತ್ತಿದೆ. ಮನೆ ಅವನಿಗೆ ಮೊದಲೇ ಗೊತ್ತಿದ್ದರೂ, ಹಿಂದೆ ಬಂದಾನೆಂದು ನಮ್ಮ ಸ್ಟಾಪಿನಲ್ಲಿ ಇಳಿಯದೆ ಮುಂದಿನದರಲ್ಲಿ ಇಳಿದು ಮನೆಗೆ ನಡೆದೆ.

ಮರುದಿನ ಬೆಳಿಗ್ಗೆ, ಬಣ್ಣ ಹಚ್ಚುವ ಮೇಜನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿದೆ. ಅಲ್ಲಿ ಬೆಳಕು ಸಾಲಲಿಲ್ಲ. ಮತ್ತೆ ಕಿಟಕಿಯ ಬಳಿಗೇ ಎಳೆದು, ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಇಬ್ಬರೂ ಪೊಲೀಸ್ ಠಾಣೆಗೆ ಹೊರಟೆವು.