ಅತ್ತಿಗೆಯ ದನಿ ಗೊಗ್ಗರಾದ ವರ್ಷ

ನಂಬದೇ ಇರಿ ನೋಡೋಣ, ನಿಮ್ಮ ಕೈಲಾದರೆ: ನನ್ನ ಅತ್ತಿಗೆಯ ಸಂಸಾರ ಉಳಿಸಿದ್ದು ನನ್ನ ಹೊಟ್ಟೆನೋವು.

ಅರವತ್ತರ ದಶಕದಲ್ಲಿ ಅಣೆಕಟ್ಟಿನ ನೀರು ನಮ್ಮೂರನ್ನು ನುಂಗಿತು. ಹೊಸನಗರದ ಕಡೆ ಬಂದು ಮನೆ ಕಟ್ಟಿಕೊಂಡೆವು. ಅಲ್ಲಿ ಅತ್ತಿಗೆಗೆ ಮರೆವು ಶುರುವಾಯಿತು. ಒಲೆಯ ಮೇಲೆ ಅನ್ನ ಇಟ್ಟದ್ದು ಮರೆತಳು. ಸುಮ್ಮನೆ ಕೂತು ಅಳುತ್ತಿದ್ದಳು. ಒಂದು ದಿನ ಅಣ್ಣನನ್ನೇ "ನೀವ್ಯಾರು?" ಎಂದಳು. ಅದೂ ಗಂಡಸಿನಂಥ ಗೊಗ್ಗರು ದನಿಯಲ್ಲಿ. ಮುಳುಗಿದ ಊರಲ್ಲಿ ಬಿಟ್ಟು ಬಂದ ಮನೆಯ ಭೂತವೇ ಮಾತಾಡುತ್ತಿದೆ ಎಂದರು ಎಲ್ಲರೂ. ಕೋಳಿ ಕೊಟ್ಟರೂ ಗುಣವಾಗಲಿಲ್ಲ. ಕವಲೇದುರ್ಗದ ಕೆಳಗಿನ ತವರಿಗೆ ಅವಳನ್ನು ಬಿಟ್ಟು ಬರುವುದೆಂದು ಅಣ್ಣ ನಿಶ್ಚಯಿಸಿದ. ತಿರುಗಿ ಕರೆತರುವ ಮಾತಿರಲಿಲ್ಲ; ಇನ್ನೊಂದು ಹೆಣ್ಣು ನೋಡಿಯಾಗಿತ್ತು.

ನಾನು ಅಣಕಿಸದ ಗಂಟಲು ಆ ಸೀಮೆಯಲ್ಲೇ ಇರಲಿಲ್ಲ. ಅತ್ತಿಗೆಯ ದನಿಯಲ್ಲಿ ಕರೆದರೆ ಅವಳ ಕರು ನನ್ನ ಹತ್ತಿರ ಓಡಿ ಬರುತ್ತಿತ್ತು! ಭೂತವಾದರೆ ಬಂದು ಹೋಗಬೇಕು. ಈ ದನಿ "ನೀರು ಕೊಡು" ಎನ್ನುವಾಗಲೂ ಹಾಗೇ ಇತ್ತು; ಇದು ಕಾಯಿಲೆಯೇ ಅನ್ನಿಸಿತು.

ಅವಳನ್ನು ಬಿಡಲು ಹೊರಟ ಅಣ್ಣನ ಜೊತೆ ನಾನೂ ಹೋದೆ. ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಬೇಕು. ಇನ್ನೊಂದು ಬಸ್ಸು ಹೊರಟು ನಿಂತಿತ್ತು. ನಾನು ಹೊಟ್ಟೆ ಹಿಡಿದು ನೆಲಕ್ಕೆ ಬಿದ್ದೆ.

"ಏಳೋ, ಬಸ್ ಹೋಗ್ತದೆ!"

"ಅಯ್ಯೋ ಅಣ್ಣಾ, ಸಾಯ್ತೀನಿ!"

ಬೈಯುತ್ತಲೇ ಅಣ್ಣ ನನ್ನನ್ನು ಹತ್ತಿರದ ಡಾಕ್ಟರ ಬಳಿಗೆ ಎಳೆದೊಯ್ದ. ಆ ಬಿಸಿಲಲ್ಲೂ ಕಂಬಳಿ ಹೊದ್ದು ನಡುಗುತ್ತ ಅತ್ತಿಗೆ ಹಿಂದೆಯೇ ಬಂದಳು.

ಡಾಕ್ಟರು ಹೊಟ್ಟೆ ಒತ್ತಿದರು. "ನಿಂಗೆಂತ ಆಗಿಲ್ಲಲ್ಲ ಮಾರಾಯ!"

"ನಂಗಲ್ಲ ಡಾಕ್ಟ್ರೇ, ಇವ್ರಿಗೆ." ಅತ್ತಿಗೆಯ ಹಳೇ ದನಿ ತೆಗೆದೆ, ಆಮೇಲೆ ಈಗಿನದು.

ಹೊರಗೆ ಬಸ್ಸು ಹಾರನ್ ಹೊಡೆಯಿತು. ಅಣ್ಣ ಅವಳ ಕೈ ಹಿಡಿದೆಳೆದ. "ಮಂಗನಾಟ ಸಾಕು. ಇವಳನ್ನ ತವರಿಗೆ ಬಿಡೋದಿದೆ."

"ಕೈ ಬಿಡ್ರೀ!" ಡಾಕ್ಟರು ಅವಳ ಬಾತ ಮುಖ ನೋಡಿದರು, ಕುತ್ತಿಗೆ ಮುಟ್ಟಿದರು, ಚಳಿಯ ಬಗ್ಗೆ, ಕೂದಲು ಉದುರುವ ಬಗ್ಗೆ ಕೇಳಿದರು. "ಹುಚ್ಚಲ್ಲ ಅಂತ ಕಾಣ್ತದೆ. ಇಲ್ಲೊಂದು ಗ್ರಂಥಿ ಇದೆ, ಥೈರಾಯ್ಡ್ ಅಂತ. ಅದ್ರ ರಸ ಕಮ್ಮಿಯಾದ್ರೆ ಕೆಲವರಿಗೆ ದನಿ ಗೊಗ್ಗರಾಗ್ತದೆ, ಮರೆವು, ಮಂಕು ಬರ್ತದೆ. ಮಾತ್ರೆ ಕೊಟ್ಟು ನೋಡಾಣ."

"ಗುಣ ಆಗ್ದಿದ್ರೆ?"

"ತವರೇನು ಓಡಿಹೋಗ್ತದಾ?"

ಬಸ್ಸು ಹೋಯಿತು. ಮಾತ್ರೆ ಕಟ್ಟಿಸಿಕೊಂಡು ಮೂವರೂ ಮನೆಗೆ ವಾಪಸಾದೆವು.

ತಿಂಗಳು ಕಳೆಯುವುದರೊಳಗೆ ಒಂದು ದಿನ ಅಂಗಳದಿಂದ ಅಣ್ಣನ ದನಿಯಲ್ಲಿ ಕೂಗಿದೆ: "ಏಯ್, ಕಾಫಿ ತಾರೇ!"

ಒಳಗಿಂದ ಅತ್ತಿಗೆಯ ಹಳೇ ದನಿಯಲ್ಲೇ ಉತ್ತರ ಬಂತು: "ಮಂಗ್ಯಾ, ನಿಮ್ಮಣ್ಣ ಬೆಳಗ್ಗೇನೇ ಸಾಗರದ ಸಂತೆಗೆ ಹೋದ್ರು. ಕಾಫಿ ಬೇಕಾದ್ರೆ ನಿನ್ ಗಂಟ್ಲಲ್ಲೇ ಕೇಳು!"

ನಾನು ಹೇಳಿದ್ದರಲ್ಲಿ ಸುಳ್ಳು ಒಂದೇ: ತಿಂಗಳೊಳಗೆ ಎಂದದ್ದು. ಮಳೆಗಾಲ ಪೂರ್ತಿ ಕಾಯಬೇಕಾಯಿತು. ಅಷ್ಟು ದಿನವೂ ಅಣ್ಣ, ತವರಿಗೆಂದು ತುಂಬಿಟ್ಟಿದ್ದ ಅವಳ ಟ್ರಂಕನ್ನು ಬಾಗಿಲ ಬಳಿಯಿಂದ ಒಳಗಿಡಲಿಲ್ಲ.