ಹುಣಸೆಹಣ್ಣಿನಲ್ಲಿ ತಿಕ್ಕಿದ ಕಪ್

ನೆನೆಸಿದ ಹುಣಸೆಹಣ್ಣು ಹಿತ್ತಾಳೆಗೆ ತಾಗಿದ ಕೂಡಲೇ ಒಂದು ಹುಳಿ ವಾಸನೆ ಏಳುತ್ತದೆ. ಹಳೆಯ ನಾಣ್ಯವನ್ನು ಬೆವರಿದ ಅಂಗೈಯಲ್ಲಿ ಬಹಳ ಹೊತ್ತು ಹಿಡಿದಿದ್ದರೆ ಬರುವಂಥ ವಾಸನೆ. ಕಳೆದ ಶನಿವಾರ ಬೆಳಿಗ್ಗೆ, ಡಮ್ ಡಮ್‌ನ ನಮ್ಮ ಮನೆಯ ಬಚ್ಚಲಲ್ಲಿ ಕುಳಿತು ಅದನ್ನು ಎಬ್ಬಿಸಿದವಳು ನಾನೇ. ಇಷ್ಟು ವರ್ಷವೂ ಅದು ಅವ್ವನ ಕೆಲಸವಾಗಿತ್ತು. ಅವ್ವ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ನನ್ನ ಮುಂದೆ ಇದ್ದದ್ದು ನಮ್ಮ ಓಣಿಯ ಫುಟ್‌ಬಾಲ್ ಕಪ್. ಕಿವಿಯಂಥ ಎರಡು ಹಿಡಿಕೆಗಳ, ಒಂದು ಮೊಳ ಎತ್ತರದ ಕಪ್.

ಅಪ್ಪ ರೈಲ್ವೆಯಲ್ಲಿದ್ದರು. ಧಾರವಾಡದ ಕಡೆಯಿಂದ ವರ್ಗವಾಗಿ ಬಂದು ಇಲ್ಲಿ ಮನೆ ಹಿಡಿದಾಗ ನನಗೆ ಒಂಬತ್ತು ವರ್ಷ. ಪ್ರತಿ ಮಳೆಗಾಲ ಸುತ್ತಲಿನ ಓಣಿಗಳ ತಂಡಗಳು ಇಲ್ಲಿಯ ಮೈದಾನದಲ್ಲಿ ಆಡುತ್ತಿದ್ದವು. ಗೆದ್ದವರು ಎತ್ತುತ್ತಿದ್ದದ್ದು ಬೆಳ್ಳಿಯ ಕಪ್. ರೈಲು ಹಳಿಯ ಆಚೆಯವರಿಗೂ ಅದರ ಹೆಸರು ಗೊತ್ತಿತ್ತು. ಆದರೆ ವರ್ಷವಿಡೀ ಅದನ್ನು ಯಾರ ಮನೆಯಲ್ಲಿ ಇಡಬೇಕೆಂಬುದೇ ದೊಡ್ಡ ಜಗಳ. ಓಣಿಯ ಅರ್ಧ ಮನೆಗಳು ಹಿಲ್ಸಾ ಮೀನಿನ ಪಕ್ಷ, ಇನ್ನರ್ಧ ಸಿಗಡಿಯ ಪಕ್ಷ; ನಗರದ ಎರಡು ದೊಡ್ಡ ತಂಡಗಳಲ್ಲಿ ತಮ್ಮ ಮೆಚ್ಚಿನದು ಗೆದ್ದ ದಿನ ಆಯಾ ಮನೆಯಲ್ಲಿ ಅದೇ ಬೇಯುತ್ತಿತ್ತು. ಒಬ್ಬರನ್ನು ಇನ್ನೊಬ್ಬರು ನಂಬುತ್ತಿರಲಿಲ್ಲ. ಮೀನನ್ನೇ ತಿನ್ನದ ನಾವು ಬಂದದ್ದು ಎಲ್ಲರಿಗೂ ಅನುಕೂಲವಾಯಿತು. ಕ್ಲಬ್ಬಿನ ಕಾರ್ಯದರ್ಶಿ ನಿತಾಯ್ ಕಾಕು, ಓಣಿಯ ಮಕ್ಕಳಿಗೆಲ್ಲ ಚಿಕ್ಕಪ್ಪ, ಕಪ್ಪನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದು, ಅವ್ವನ ದೇವರ ಮೂಲೆಯ ಪಕ್ಕದ ಕಪಾಟಿನಲ್ಲಿ ಇಟ್ಟು ಹೋದರು.

ಆ ವರ್ಷದ ಫೈನಲ್ ಬಂತು. ಕಪ್ ಕರ್ರಗಾಗಿತ್ತು. ಬುಡದಲ್ಲಿ ಬೆರಳಗಲ ಹಳದಿ ಕಾಣುತ್ತಿತ್ತು. ಅವ್ವ ಅದನ್ನು ನೋಡಿ, ಇದು ಹಿತ್ತಾಳೆ, ಮೇಲೆ ಕೂತದ್ದೆಲ್ಲ ಕೊಳೆ ಎಂದು ತೀರ್ಮಾನಿಸಿಬಿಟ್ಟಳು. ಊರಲ್ಲಿ ಹಬ್ಬದ ಮುಂಚೆ ದೀಪದ ಸಮೆ ತಿಕ್ಕುವಂತೆ ಹುಣಸೆಹಣ್ಣು, ಇಟ್ಟಂಗಿ ಪುಡಿ, ತೆಂಗಿನ ನಾರು ಹಿಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ತಿಕ್ಕಿದಳು. ನೀರು ಹಾಕುವ ಕೆಲಸ ನನ್ನದು. ಕಪ್ ಹೊಸ ಕೊಡದ ಹಾಗೆ ಹಳದಿಯಾಗಿ ಹೊಳೆಯಿತು. ಒಯ್ಯಲು ಬಂದ ನಿತಾಯ್ ಕಾಕು ಬಾಗಿಲಲ್ಲೇ ನಿಂತುಬಿಟ್ಟರು. "ಏಟಾ ಕೀ ಕೊರ್ಲೇನ್, ಬೌದಿ?" ಏನು ಮಾಡಿಬಿಟ್ಟಿರಿ ಅತ್ತಿಗೆ ಎಂದು ಅವರು ಕೇಳಿದ ದನಿಗೆ ನಾನು ಅಪ್ಪನ ಹಿಂದೆ ಅಡಗಿಕೊಂಡೆ.

ಸುದ್ದಿ ಹರಡಿ ಅಂಗಳ ತುಂಬಿತು. ಬೆಳ್ಳಿ ಎಲ್ಲಿ ಹೋಯಿತು ಎಂದು ಎರಡೂ ಪಕ್ಷದವರು ಮೊದಲ ಬಾರಿಗೆ ಒಟ್ಟಾಗಿ ಕೂಗುತ್ತಿದ್ದರು. ಆಗ ಕ್ಲಬ್ಬಿನ ಹಿರಿಯ ಅಜ್ಜ, ಎಲ್ಲರ ದಾದು, ಕೋಲೂರಿಕೊಂಡು ಬಂದರು. ಕಪ್ಪನ್ನು ತಿರುಗಿಸಿ ಬುಡ ಮುಟ್ಟಿ ನೋಡಿದರು. ಆಮೇಲೆ ಹೇಳಿದರು: ಅಸಲಿ ಬೆಳ್ಳಿಯ ಕಪ್ ತಾವು ಆಡುತ್ತಿದ್ದ ಕಾಲದಲ್ಲೇ ಗೆದ್ದ ತಂಡವೊಂದರ ಜೊತೆ ಹೋಗಿತ್ತು, ಮರಳಿ ಬರಲಿಲ್ಲ. ಪಂದ್ಯ ನಿಲ್ಲಬಾರದೆಂದು ತಮ್ಮ ತಂದೆ ಪಾತ್ರೆಯವನ ಹತ್ತಿರ ಅಂಥದೇ ಒಂದು ಮಾಡಿಸಿ ಬೆಳ್ಳಿ ಲೇಪ ಹಾಕಿಸಿದ್ದರು. ಇಷ್ಟು ವರ್ಷ ಎಲ್ಲರೂ ಎತ್ತಿದ್ದು ಇದನ್ನೇ.

ಇಂಥದಕ್ಕೆ ಇನ್ನು ಯಾರು ಆಡುತ್ತಾರೆ ಎಂದು ಯಾರೋ ಅಂದರು. ಅವ್ವನಿಗೆ ಅದನ್ನು ಅಪ್ಪ ಕನ್ನಡದಲ್ಲಿ ಹೇಳಿದರು. ಅವಳು ಹುಳಿ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ನಮ್ಮ ಮನ್ಯಾಗಿನ ದೇವರೂ ಹಿತ್ತಾಳಿಯವ ಅದಾವ. ಅವಕ್ಕ ದೀಪಾ ಹಚ್ಚೂದು ಬಿಟ್ಟೇವೇನು? ಹೋಗ್ರಿ, ಮಳಿ ಬರೂದ್ರಾಗ ಆಡ್ರಿ" ಅಂದಳು. ಅಪ್ಪ ಅದನ್ನು ಹಿಂದಿಯಲ್ಲಿ ಹೇಳಿದಾಗ ಮೊದಲು ನಕ್ಕವರು ದಾದು.

ಅಂದು ಆಡಿದರು. ಆಮೇಲೆ ಎಲ್ಲ ವರ್ಷವೂ ಆಡಿದರು. ಮತ್ತೆ ಯಾರೂ ಬೆಳ್ಳಿ ಲೇಪದ ಮಾತೆತ್ತಲಿಲ್ಲ. ಪ್ರತಿ ವರ್ಷ ಅವ್ವ ತಿಕ್ಕಿದ ಮೇಲೆ ಕಪ್ಪಿನ ಕಿವಿಯ ಸುರುಳಿಯಲ್ಲಿ ಹುಣಸೆ ನಾರು ಸಿಕ್ಕಿಕೊಂಡಿರುತ್ತಿತ್ತು. ನಿತಾಯ್ ಕಾಕು ಅದನ್ನು ಕಿತ್ತು ತೋರಿಸಿ, "ಬೌದಿ, ನಿಮ್ಮ ಸಾರು ಇಲ್ಲೇ ಉಳಿಯಿತು" ಎಂದು ಪ್ರತಿ ಸಲ ಚೇಷ್ಟೆ ಮಾಡುತ್ತಿದ್ದರು. ದಾದು ಹೋದರು, ಅಪ್ಪ ಹೋದರು, ನಿತಾಯ್ ಕಾಕು ಹೋದರು. ಅವ್ವ ಕಳೆದ ಮಳೆಗಾಲದಲ್ಲೂ ಮಣೆಯ ಮೇಲೆ ಕುಳಿತು, ಉಸಿರು ಹಿಡಿದು, ತಾನೇ ತಿಕ್ಕಿದಳು.

ಈ ಸಲ ಕಾಕುವಿನ ಮಗ ಬಾಪಿ ಬಂದ. ಹಳೆಯ ಫೋಟೊ ನೋಡಿ ಕ್ಲಬ್ಬಿನವರು ಅಸಲಿಯಂಥದೇ ಹೊಸ ಕಪ್ ತರಿಸಿದ್ದಾರಂತೆ, ಬೆಳ್ಳಿ ಬಣ್ಣದ್ದು. "ದೀದಿ, ಇದನ್ನು ನೀನೇ ಇಟ್ಟುಕೊ. ಮಾಶಿಮಾ ನೆನಪಿಗೆ."

"ನೆನಪಿಗೆ ಅವ್ವನ ಕನ್ನಡಕ ಇದೆ" ಎಂದೆ. "ಇದು ಆಡುವ ಕಪ್. ಭಾನುವಾರ ಫೈನಲ್‌ಗೆ ತೆಗೆದುಕೊಂಡು ಹೋಗು."

"ಯಾರು ತಿಕ್ಕುತ್ತಾರೆ?"

"ನಾನು."

ಅವನು ನನ್ನ ಕೈ ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೋದ.

ತಿಕ್ಕುವುದು ನಾನೆಣಿಸಿದಷ್ಟು ಸುಲಭವಿರಲಿಲ್ಲ. ಕಪ್ಪಿನ ಹೊಟ್ಟೆ ಹೊಳೆಯುವಷ್ಟರಲ್ಲಿ ಬೆರಳ ಸಂದಿ ಉರಿಯುತ್ತಿತ್ತು. ಬಲಗಿವಿ ಮುಗಿಸಿ ಎಡಗಿವಿಗೆ ಬಂದಾಗ ಸುರುಳಿಯೊಳಗೆ ಉಗುರಿಗೆ ಏನೋ ತಾಗಿತು. ಒಣಗಿದ ಹುಣಸೆ ನಾರು, ಹೋದ ವರ್ಷ ಅವ್ವ ತಿಕ್ಕಿದಾಗ ಸಿಕ್ಕಿಕೊಂಡದ್ದು. ಅದನ್ನು ಕಿತ್ತು ತೋರಿಸಿ ಚೇಷ್ಟೆ ಮಾಡಲು ಯಾರೂ ಉಳಿದಿರಲಿಲ್ಲ. ಎಡಗಿವಿಯನ್ನು ಹಾಗೇ ಬಿಟ್ಟು, ಕೈ ತೊಳೆದುಕೊಂಡು ಎದ್ದೆ.

ಭಾನುವಾರ ಬಾಪಿ ಬಂದ, ಬಗಲಲ್ಲಿ ಹಳೆಯ ಸೀರೆಯಿತ್ತು. ಹೊಸ ಕಪ್ ಡಬ್ಬಿಯಲ್ಲೇ ಇರಲಿ ಎಂದು ಹುಡುಗರು ಹೇಳಿದರಂತೆ. ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ, ಮಂಕಾಗಿದ್ದ ಎಡಗಿವಿಯ ಮೇಲೆ ಬೆರಳಿಟ್ಟ. "ದೀದಿ, ಇದೊಂದು ಉಳಿದುಬಿಟ್ಟಿದೆ."

"ಇಲ್ಲ, ಅದು ಆಗಿದೆ" ಎಂದೆ. "ಅವ್ವ ತಿಕ್ಕಿದ್ದಾಳೆ."