ಚಿತ್ರದ ಅಕ್ಕೋರು ತೋರಿಸಿದ ಮುಖಗಳು

ಅವರ ಎಡಗೈ ಹೆಬ್ಬೆರಳಿನ ಉಗುರು ಎಂದೂ ಉಗುರಿನ ಬಣ್ಣದಲ್ಲಿ ಇರುತ್ತಿರಲಿಲ್ಲ. ಕುಂಚವನ್ನು ಬಟ್ಟೆಗೆ ತಾಗಿಸುವ ಮೊದಲು ಬಣ್ಣವನ್ನು ಆ ಉಗುರಿನ ಮೇಲೆ ಹಚ್ಚಿ, ಕೈಯನ್ನು ಬಾಗಿಲ ಬೆಳಕಿಗೆ ಚಾಚಿ ನೋಡುವುದು ಅವರ ರೂಢಿ. ಹಾಗಾಗಿ ಒಂದು ದಿನ ಅದು ಎಳೆ ಭತ್ತದ ಹಸಿರು, ಇನ್ನೊಂದು ದಿನ ಸುಟ್ಟ ಇಟ್ಟಿಗೆಯ ಕೆಂಪು. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಜನರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಆ ಉಗುರೇ.

ಸಿಂಧನೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅವರು ಡ್ರಾಯಿಂಗ್ ಕಲಿಸುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುವುದು ವಾಡಿಕೆ. ಇವರು ಇಡೀ ಊರಿಗೆ ಚಿತ್ರದ ಅಕ್ಕೋರು. ಹುಟ್ಟಿದ್ದು ಲಿಂಗಸುಗೂರಿನಲ್ಲಿ, ತಂಗಿಯನ್ನು ಕೊಟ್ಟದ್ದು ಮಸ್ಕಿಗೆ, ತಾವು ಮಾತ್ರ ಮದುವೆಯಾಗದೆ ಸಿಂಧನೂರಿನ ಬಾಡಿಗೆ ಮನೆಯಲ್ಲಿ ಉಳಿದವರು. ನಾನು ಆಗ ಟಿ.ವಿ. ರಿಪೇರಿ ಅಂಗಡಿಯ ಮಾಳಿಗೆಯ ಮೇಲೆ ದೊಡ್ಡ ಡಿಶ್ ಕೂರಿಸಿ ಮನೆಮನೆಗೆ ಕೇಬಲ್ ಎಳೆಯಲು ಶುರುಮಾಡಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳವು. ಹೊರಗಿನ ಚಾನೆಲ್‌ಗಳ ಜೊತೆಗೆ ನನ್ನದೇ ಒಂದು ವಿಡಿಯೋ ಚಾನೆಲ್ ಇತ್ತು. ಅಂಗಡಿಯಲ್ಲಿ ಕ್ಯಾಸೆಟ್ ಹಾಕಿದರೆ ಊರಿನ ಮನೆಗಳಲ್ಲಿ ಸಿನಿಮಾ ಮೂಡುತ್ತಿತ್ತು. ಲಗ್ನದ ಹಂಗಾಮಿನಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಮದುವೆಗಳಿಗೆ ಹೋಗುತ್ತಿದ್ದೆ. ಚಿತ್ರಕಲೆಗೂ ನನಗೂ ಯಾವ ಸಂಬಂಧವೂ ಇರಲಿಲ್ಲ.

ಒಮ್ಮೆ ಅವರ ಮಾಳಿಗೆಯ ಮೇಲಿಂದ ತಂತಿ ಎಳೆಯುವಾಗ ಬಾಯಾರಿ ನೀರು ಕೇಳಿದೆ. ಒಳಗೆ ಕರೆದರು. ಒಗೆದ ಬಟ್ಟೆ ಹರವಿದಂತೆ ಪಡಸಾಲೆಯ ತುಂಬ ಹಗ್ಗ ಕಟ್ಟಿ ಚಿತ್ರಗಳನ್ನು ಒಣಗಹಾಕಿದ್ದರು. ಹುಣಸೆಬೀಜದ ಗಂಜಿ ಹಚ್ಚಿದ ಕೋರಾ ಬಟ್ಟೆಯ ಮೇಲೆ ಬರೀ ಜನ. ಕಾಲುವೆ ಬದಿಯಲ್ಲಿ ಸಸಿ ಹಚ್ಚುವ ಹೆಂಗಸರು, ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಳಿ ಮುದುಕ, ಕುರಿ ಕಾಯುವವನು. ನಡುವೆ ನನ್ನ ಅಂಗಡಿಯ ಮೆಟ್ಟಿಲ ಪಕ್ಕದಲ್ಲೇ ಕೂತು ಹೂ ಮಾರುವ ಮುದುಕಿ. ಕಾಲ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಮಾಲೆ ಕಟ್ಟುತ್ತ, ತುಸುವೇ ಕತ್ತೆತ್ತಿ ನನ್ನನ್ನು ನೋಡುತ್ತಿದ್ದಳು. ಆ ಕಣ್ಣುಗಳಲ್ಲಿ ಅಷ್ಟು ನಗು ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

"ಈಕಿನ್ನ ನಾ ದಿನಾ ನೋಡ್ತೀನಲ್ರಿ," ಎಂದೆ.

"ದಿನಾ ದಾಟಿ ಹೋಗ್ತಿ," ಎಂದರು ಅಕ್ಕೋರು. ಬೈದ ಹಾಗಿರಲಿಲ್ಲ, ಇದ್ದದ್ದನ್ನು ಹೇಳಿದ ಹಾಗಿತ್ತು. ಹಿತ್ತಾಳೆ ಚೊಂಬನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟಿದ್ದೆ. ನೀರು ಕುಡಿಯಲು ಅವರೇ ನೆನಪಿಸಬೇಕಾಯಿತು.

ಭಾನುವಾರ ಬಂದರೆ ಅವರು ಹೆಗಲಿಗೊಂದು ಚೀಲ ಹಾಕಿಕೊಂಡು ಸಿಕ್ಕ ಬಸ್ಸು ಹತ್ತುತ್ತಿದ್ದರು. ಸಂತೆಯಲ್ಲಿ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ನಿಂತು, ಯಾರಿಗೋ "ಒಂದ್ ಸ್ವಲ್ಪ ಹಂಗ ನಿಂದ್ರವ್ವಾ" ಎನ್ನುತ್ತಿದ್ದರು. ಎದುರಿನವರಿಗೆ ಸಂಕೋಚವಾಗುವಷ್ಟು ಹೊತ್ತು ಮುಖ ನೋಡುತ್ತಿದ್ದರು. ಶಾಲೆಯ ಹುಡುಗಿಯರಿಗೂ ಅದೇ ಪಾಠವಂತೆ: "ಮೊದಲ ಕುಂದ್ರು. ನೋಡೂದು ಮುಗೀಲಿ, ಆಮ್ಯಾಲ ಪೆನ್ಸಿಲ್."

ಐವತ್ತು ದಾಟುವವರೆಗೂ ಅವರ ಚಿತ್ರಗಳ ಒಂದು ಪ್ರದರ್ಶನವೂ ಆಗಿರಲಿಲ್ಲ. ಕೊನೆಗೆ ಶಾಲೆಯ ದೊಡ್ಡ ಹಾಲ್ ಕೊಡಲು ಮುಖ್ಯೋಪಾಧ್ಯಾಯಿನಿ ಒಪ್ಪಿದರು. ಅಕ್ಕೋರು ತಾವೇ ಸುತ್ತಿಗೆ ಹಿಡಿದು ಗೋಡೆಗಳಿಗೆ ಮೊಳೆ ಹೊಡೆದರು. ತಾವು ಬರೆದವರನ್ನೆಲ್ಲ ಹುಡುಕಿಕೊಂಡು ಹೋಗಿ, ಲಗ್ನಕ್ಕೆ ಕರೆದಂತೆ ಮನೆಬಾಗಿಲಲ್ಲಿ ಕುಂಕುಮ ಹಚ್ಚಿ ಕರೆದು ಬಂದರು. ಅವರು ಅಷ್ಟು ಸಡಗರಪಟ್ಟದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಚಿತ್ರಗಳೆಲ್ಲ ಗೋಡೆಗೇರಿದ್ದವು. ಆ ವಾರವೇ ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಹೊಸ ಮಳೆಯ ನೀರು ಕುಡಿಯುವ ನೀರಿಗೆ ಸೇರಿತ್ತೋ ಏನೋ, ಓಣಿ ಓಣಿಯಲ್ಲಿ ಜನ ಮಲಗಿದರು. ಜನ ಸೇರಬಾರದೆಂದು ಡಂಗುರ ಹೊಡೆಸಿದರು, ಶಾಲೆಗಳಿಗೆ ರಜೆ ಕೊಟ್ಟರು. ದವಾಖಾನೆಯಲ್ಲಿ ಜಾಗ ಸಾಲದೆ ಶಾಲೆಯ ಹಾಲನ್ನೇ ವಾರ್ಡು ಮಾಡುವುದೆಂದಾಯಿತು.

ಸುದ್ದಿ ಕೇಳಿ ನಾನು ಹೋದಾಗ ಅಕ್ಕೋರು ಸ್ಟೂಲಿನ ಮೇಲೆ ನಿಂತು ಚಿತ್ರಗಳನ್ನು ಇಳಿಸುತ್ತಿದ್ದರು. ಕೆಳಗೆ ಆಗಲೇ ಚಾಪೆ ಹಾಸುತ್ತಿದ್ದರು. ಮೊಳೆಗಳನ್ನೂ ಕೀಳಲೇ ಎಂದು ನಾನು ಕೇಳಿದೆ.

"ಇರಲಿ ಬಿಡು. ಬಾಟ್ಲಿ ತೂಗುಹಾಕಾಕ ಬೇಕಾಗ್ತಾವ," ಎಂದರು.

ಸಂಜೆಯ ಹೊತ್ತಿಗೆ ಆ ಮೊಳೆಗಳಿಗೆಲ್ಲ ಸಲೈನ್ ಬಾಟಲಿಗಳು ನೇತಾಡುತ್ತಿದ್ದವು. ಚಿತ್ರಗಳ ಸುರುಳಿಗಳನ್ನು ಒಂದು ಗಾಡಿಯಲ್ಲಿ ಹೇರಿ ಅವರ ಮನೆಗೆ ಮುಟ್ಟಿಸಿದೆವು. ಮನೆಗೆ ಬಂದು ಗೋಡೆಗೊರಗಿ ಕೂತವರು, "ಅವ್ರೆಲ್ಲ ಬರ್ತೀವಿ ಅಂದಿದ್ರು ತಮ್ಮಾ," ಎಂದರು ಮೆಲ್ಲಗೆ. ಆ ದನಿ ಕೇಳಿ ನನ್ನ ಬಾಯಿಂದ ತಾನಾಗಿಯೇ ಮಾತು ಬಂತು.

"ಅಕ್ಕೋರೆ, ಮಂದಿ ಹೊರಗ ಬರಾಂಗಿಲ್ಲ ಅಂದ್ರ ನಾವ ಅವ್ರ ಮನ್ಯಾಗ ಹೋಗೋಣ್ರಿ. ನನ್ನ ಚಾನೆಲ್‌ನ್ಯಾಗ ತೋರಸ್ತೀನಿ."

ಅವರು ಒಪ್ಪಲಿಲ್ಲ. ಆಳೆತ್ತರದ ಚಿತ್ರಗಳು ನಿನ್ನ ಡಬ್ಬಿಯಲ್ಲಿ ಬೊಟ್ಟಿನಷ್ಟಾಗುತ್ತವೆ ಎಂದರು, ಬಣ್ಣ ಕೆಡುತ್ತದೆ ಎಂದರು. ನಾನು ಅಂಗಡಿಯಿಂದ ಕ್ಯಾಮೆರಾ, ಟಿ.ವಿ. ಎರಡನ್ನೂ ಹೊತ್ತು ತಂದೆ. ಹೂವಿನ ಮುದುಕಿಯ ಚಿತ್ರದ ಮುಂದೆ ನಿಂತು ಅತ್ತಿಂದಿತ್ತ ಕ್ಯಾಮೆರಾ ಓಡಿಸಿದೆ. ಟಿ.ವಿ. ನೋಡುತ್ತ ಕೂತಿದ್ದ ಅಕ್ಕೋರು ನನ್ನ ಮೊಣಕೈ ಹಿಡಿದರು.

"ಓಡಬ್ಯಾಡ. ಮದುವಿ ಊಟದ ಪಂಕ್ತಿ ಅಲ್ಲ ಇದು."

ಕಣ್ಣಿನ ಹತ್ತಿರ ಹೋಗಿ ನಿಲ್ಲಲು ಹೇಳಿದರು. ನಿಂತೆ. ಟಿ.ವಿ. ಪರದೆಯ ತುಂಬ ಆ ಮುದುಕಿಯ ಒಂದೇ ಒಂದು ಕಣ್ಣು. ಸುತ್ತ ಸುಕ್ಕುಗಳು, ಒಳಗೆ ಬೀದಿಯ ಬೆಳಕು. ಬಹಳ ಹೊತ್ತಿನ ಮೇಲೆ ಅಕ್ಕೋರು, "ಬಟ್ಟಿ ಮ್ಯಾಲ ಇದು ನನಗ ಕಂಡಿರಲಿಲ್ಲ," ಎಂದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದರು.

ಮರುದಿನ ಹಗಲೆಲ್ಲ ಕೂತು ಒಂದು ಕ್ಯಾಸೆಟ್ ತುಂಬಿಸಿದೆವು. ತಾವು ಕ್ಯಾಮೆರಾ ಮುಂದೆ ಬರಲು ಅವರು ಸುತರಾಂ ಒಪ್ಪಲಿಲ್ಲ. ಮೈಕಿನಲ್ಲಿ ಮಾತ್ರ, ಇವರು ಯಾರು, ಯಾವ ಊರು, ಬರೆಯುವಾಗ ಏನು ಮಾತಾಡುತ್ತಿದ್ದರು ಎಂದು ಎರಡೆರಡು ಮಾತು ಹೇಳಿ ಸುಮ್ಮನಾಗುತ್ತಿದ್ದರು.

ಸಂಜೆ ಸಿನಿಮಾದ ಹೊತ್ತಿಗೆ ಅದನ್ನೇ ಹಾಕಿದೆ. ಹಾಕಿದ ಗಳಿಗೆಯಿಂದ ಅಂಗಡಿಯ ಫೋನು ಬಡಿದುಕೊಳ್ಳತೊಡಗಿತು. ಪಿಚ್ಚರ್ ಎಲ್ಲಿ ಎಂದು ಒಬ್ಬ, ಕೇಬಲ್ ಕೆಟ್ಟಿದೆಯೇ ಎಂದು ಇನ್ನೊಬ್ಬ. ಸ್ವಲ್ಪ ಹೊತ್ತಿನ ಮೇಲೆ ಫೋನು ಸುಮ್ಮನಾಯಿತು. ಜನ ಬೇಸತ್ತು ಟಿ.ವಿ. ಆರಿಸಿದರೇನೋ ಎಂದುಕೊಂಡೆ. ಕ್ಯಾಸೆಟ್ ಮುಗಿಯುತ್ತಿದ್ದಂತೆ ಎದುರು ಬೇಕರಿಯ ಚಾಚಾ ರಸ್ತೆ ದಾಟಿ ಬಂದರು.

"ಬೇಟಾ, ಆ ಹೂವಿನ ಅಮ್ಮಂದು ಮತ್ತೊಮ್ಮೆ ಹಾಕು. ನಮ್ಮ ಮನ್ಯಾಗ ಎಲ್ರೂ ಕುಂತಾರ."

ಮರುದಿನ ಮತ್ತೆ ಹಾಕಿದೆ, ಅದರ ಮರುದಿನವೂ. ಕ್ಯಾಸೆಟ್ಟಿನಲ್ಲಿದ್ದ ಹೆಂಗಸೊಬ್ಬಳು ಒಂದು ದೊಡ್ಡ ಮನೆಯಲ್ಲಿ ಭಾಂಡೆ ತೊಳೆಯುತ್ತಿದ್ದಳು. ಆ ಮನೆಯ ಯಜಮಾನಿತಿ ಹಿತ್ತಲಿಂದ ಅವಳನ್ನು ಕರೆದು, ನಡುಮನೆಯಲ್ಲಿ ತನ್ನ ಪಕ್ಕ ಕೂರಿಸಿಕೊಂಡು ಅವಳದೇ ಮುಖ ತೋರಿಸಿದಳಂತೆ. ಒದ್ದೆ ಕೈಯಲ್ಲೇ ನೋಡಿದೆ ಎಂದು ಅವಳೇ ನನಗೆ ಹೇಳಿದಳು. ಅಷ್ಟು ವರ್ಷಗಳಲ್ಲಿ ಆ ನಡುಮನೆಯಲ್ಲಿ ಅವಳು ಕೂತದ್ದು ಅದೇ ಮೊದಲು.

ಅಕ್ಕೋರಿಗೆ ಇಷ್ಟು ಸಾಲಲಿಲ್ಲ. "ವಾರ್ಡಿನ್ಯಾಗ ಮಲಗಿದವ್ರಿಗೆ ಏನೈತಿ ತಮ್ಮಾ? ಗ್ವಾಡಿ ನೋಡಿಕೋತ ಬಿದ್ದಾರ," ಎಂದರು. ಡಾಕ್ಟರು ಮೊದಲು ಬೇಡವೆಂದರು, ಆಮೇಲೆ ದನಿ ಸಣ್ಣಗಿಟ್ಟು ಹಾಕಿಕೊಳ್ಳಿ ಎಂದರು. ಪಕ್ಕದ ಮನೆಯಿಂದ ಶಾಲೆಯ ಹಾಲಿಗೆ ತಂತಿ ಎಳೆದು, ಬೆಂಚಿನ ಮೇಲೆ ಬೆಂಚು ಪೇರಿಸಿ, ಎಲ್ಲರಿಗೂ ಕಾಣುವಷ್ಟು ಎತ್ತರದಲ್ಲಿ ಟಿ.ವಿ. ಇಟ್ಟೆ. ಯಾವ ಹಾಲಿನಿಂದ ಚಿತ್ರಗಳನ್ನು ಇಳಿಸಿದ್ದೆವೋ ಅದೇ ಹಾಲಿನಲ್ಲಿ ಅವು ಒಂದೊಂದಾಗಿ ಬೆಳಗಿದವು. ಫಿನಾಯಿಲ್ ವಾಸನೆಯ ನಡುವೆ ಜನ ಮೊಣಕೈಯೂರಿ ತಲೆಯೆತ್ತಿದರು.

ಮೂಲೆಯಲ್ಲಿ ವಳಕಮದಿನ್ನಿ ಎಂಬ ಹಳ್ಳಿಯ ಹೆಣ್ಣುಮಗಳೊಬ್ಬಳು ಸಲೈನ್ ಹಚ್ಚಿಸಿಕೊಂಡು ಮಲಗಿದ್ದಳು. ಹಿಂದಿನ ದಿನ ಅವಳು ಉಳಿಯುವುದೇ ಕಷ್ಟವೆಂದಿದ್ದರು. ಭತ್ತದ ಗದ್ದೆಯಲ್ಲಿ ಸಸಿಯ ಕಟ್ಟು ಹಿಡಿದು ನಿಂತ ಹೆಂಗಸಿನ ಚಿತ್ರ ಬಂದಾಗ ಅವಳ ತುಟಿ ಅಲುಗಿತು. ಅಕ್ಕೋರು ಹೋಗಿ ಪಕ್ಕದಲ್ಲಿ ಕೂತರು.

"ಅಕ್ಕೋರೆ, ಅದು ನಾ ಅಲ್ಲೇನ್ರಿ?"

"ನೀನ ಅದಿ."

ಅವಳು ಬಹಳ ಹೊತ್ತು ನೋಡಿದಳು. "ನಾ ಇಷ್ಟು ಚಂದ ಅದೀನೇನ್ರಿ?"

"ಇದಕ್ಕಿಂತ ಚಂದ ಅದಿ. ನನ್ನ ಕೈಲಿ ಆಗಿದ್ದು ಇಷ್ಟ."

ಟಿ.ವಿ. ಹಿಂದೆ ತಂತಿ ಹಿಡಿದು ನಿಂತಿದ್ದ ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ದೊಡ್ಡವರ ಮನೆಯ ಲಗ್ನಗಳನ್ನು ಎಷ್ಟೋ ಕಂಡಿದ್ದೆ. ಒಬ್ಬ ಹೆಣ್ಣುಮಗಳಿಗೆ ಅಂಥ ಮರ್ಯಾದೆ ಸಂದದ್ದನ್ನು ಎಲ್ಲಿಯೂ ಕಂಡಿರಲಿಲ್ಲ.

ಅವಳು ಉಳಿದಳು. ತಿಂಗಳೊಪ್ಪತ್ತಿನ ಮೇಲೆ ಸೀದಾ ಅಕ್ಕೋರ ಮನೆಗೆ ಬಂದು ಬಟ್ಟೆಯ ಮೇಲಿನ ಚಿತ್ರವನ್ನು ಹತ್ತಿರದಿಂದ ನೋಡಿ, "ಮೂಗುಬೊಟ್ಟು ಬಿಟ್ಟೀರಲ್ರಿ," ಎಂದು ತಕರಾರು ತೆಗೆದಳು. ಅಕ್ಕೋರು ತಪ್ಪಾಯಿತೆಂದು ಅಲ್ಲೇ ಕುಂಚ ಅದ್ದಿ ಬೊಟ್ಟಿಟ್ಟರು. ಸರಿಯಾಗಿದೆ ಎಂದು ಅವಳು ಹೇಳುವವರೆಗೆ ಕುಂಚ ಕೆಳಗಿಡಲಿಲ್ಲ.

ಬೇನೆ ಹೋದ ಮೇಲೆ ಹಾಲ್ ಮತ್ತೆ ಸಿಗುತ್ತಿತ್ತು. ಅಕ್ಕೋರು ಬೇಡವೆಂದರು. ಬದಲಿಗೆ ನನ್ನ ಅಂಗಡಿಗೆ ಬಂದು, "ಬರೇ ನನ್ನವ ಯಾಕ? ಊರಾಗ ಬ್ಯಾರೆಯವ್ರು ಕೈಕಟ್ಟಿ ಕುಂತಾರೇನು?" ಎಂದು ಕೇಳಿದರು. ಅಂದಿನಿಂದ ಆಗಾಗ ಸಂಜೆಯ ಸಿನಿಮಾಕ್ಕೆ ಮೊದಲು ಊರವರ ಕೈಕೆಲಸ ತೋರಿಸತೊಡಗಿದೆವು. ಹಳೆ ಸೀರೆಗಳಿಂದ ಕೌದಿ ಹೊಲಿಯುವ ಅಜ್ಜಿ ಬಂದಳು. ಕ್ಯಾಂಪಿನ ಮುದುಕ ತಾನು ಬಿಟ್ಟು ಬಂದ ಹೊಳೆ, ದೋಣಿಗಳನ್ನು ಹಲಗೆಯ ಮೇಲೆ ಬರೆದು ತಂದ. ಸಿಂಧನೂರಿನ ಅಕ್ಕನ ಮನೆಗೆ ಬಂದಿದ್ದ ಹಟ್ಟಿಯ ಚಿನ್ನದ ಗಣಿಯ ಕೆಲಸಗಾರನೊಬ್ಬ ಇದ್ದಿಲಿನಿಂದ ಬರೆದ ಹಾಳೆಗಳನ್ನು ಸುತ್ತಿಕೊಂಡು ನಾಚುತ್ತ ನಿಂತಿದ್ದ. ಪಾಳಿಗೆ ಇಳಿಯುವವರ ಮುಖಗಳು, ತಲೆಯ ಮೇಲಿನ ದೀಪಗಳು. "ಕೆಳಗ ಕರಿ ಬಿಟ್ರ ಬ್ಯಾರೆ ಬಣ್ಣ ಇಲ್ರಿ," ಎಂದ. ಅಕ್ಕೋರು ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು, "ಈ ಕರಿಯೊಳಗ ಎಷ್ಟೊಂದು ಕರಿ ಅದಾವಪಾ," ಎಂದಷ್ಟೇ ಹೇಳಿದರು. ಆ ಮಾತಿಗೆ ಅವನ ಕಣ್ಣು ತುಂಬಿತು.

ನಿವೃತ್ತಿಯಾದ ಮೇಲೆ ಅವರು ಮಸ್ಕಿಯ ತಂಗಿಯ ಮನೆಗೆ ಹೋದರು. ಹೋಗುವ ಮೊದಲು ಚಿತ್ರಗಳನ್ನೆಲ್ಲ ಆಯಾ ಮುಖದವರಿಗೇ ಕೊಟ್ಟುಬಿಟ್ಟರು. ತೊಂಬತ್ತರ ದಶಕ ಮುಗಿಯುವ ಮೊದಲೇ ಒಂದು ಬೇಸಿಗೆಯ ಮಧ್ಯಾಹ್ನ, ಉಂಡು ಮಲಗಿದವರು ಏಳಲಿಲ್ಲ.

ದಿನಕರ್ಮದ ಹೊತ್ತಿಗೆ ನಾನು ಹೋದೆ. ವಳಕಮದಿನ್ನಿಯ ಹೆಂಗಸರು ಟ್ರ್ಯಾಕ್ಟರಿನಲ್ಲಿ ಬಂದಿದ್ದರು, ಹಟ್ಟಿಯವನು ಪಾಳಿ ಮುಗಿಸಿ ಬಂದಿದ್ದ. ಹೂ ಹಾಕಲು ಫೋಟೋ ಬೇಕಿತ್ತು. ತಂಗಿ ಎಲ್ಲ ಕಡೆ ಹುಡುಕಿ, ಯಾವುದೋ ಸರಕಾರಿ ಕಾರ್ಡಿಗೆ ತೆಗೆಸಿದ್ದ ಚಿಕ್ಕ ಫೋಟೋ ತಂದಿಟ್ಟಳು. ವಳಕಮದಿನ್ನಿಯ ಹೆಣ್ಣುಮಗಳು ಅದನ್ನು ಕೈಗೆತ್ತಿಕೊಂಡಳು.

"ಇದು ನಮ್ಮ ಅಕ್ಕೋರು ಅಲ್ರಿ. ಅವ್ರು ಹಿಂಗ ನೋಡ್ತಿದ್ದಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕ್ಯಾಸೆಟ್ಟುಗಳಲ್ಲಿ ಅವರ ದನಿ ಇತ್ತು, ಮುಖ ಇರಲಿಲ್ಲ. ಅಷ್ಟರಲ್ಲಿ ಹಟ್ಟಿಯವನು ಒಳಗೆ ಹೋಗಿ ಒಲೆಯಿಂದ ಆರಿದ ಇದ್ದಿಲು ತಂದ. ಗೋಡೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಮಗುಚಿ ನೆಲದ ಮೇಲೆ ಹರವಿ ಕೂತ. ಹೆಂಗಸರು ಸುತ್ತ ಕೂತರು.

"ಹಣಿ ಇನ್ನಾ ಅಗಲ."

"ಎಡಗಣ್ಣು ಸಣ್ಣದು ಮಾಡ್ತಿದ್ರು, ನೋಡುಮುಂದ."

"ಬಾಯಿ ಅಷ್ಟು ಬಿಗಿ ಇರಲಿಲ್ಲ ತಮ್ಮಾ."

ಅವನು ಬೆರಳಿನಿಂದ ಒರೆಸಿ ಮತ್ತೆ ಬರೆಯುತ್ತಿದ್ದ. ಮಾತುಗಳು ಒಂದೊಂದಾಗಿ ಕಡಿಮೆಯಾದವು. ಹಾಳೆಯಿಂದ ಅಕ್ಕೋರು ನಮ್ಮನ್ನು ನೋಡುತ್ತಿದ್ದರು, ನಮಗೆ ಸಂಕೋಚವಾಗುವಷ್ಟು ಹೊತ್ತು.

ಅದಕ್ಕೇ ಹೂ ಹಾಕಿದೆವು. ಸಂಜೆ ಟ್ರ್ಯಾಕ್ಟರು ಹೊರಡುವಾಗ ವಳಕಮದಿನ್ನಿಯ ಹೆಣ್ಣುಮಗಳು ಯಾರನ್ನೂ ಕೇಳದೆ ಆ ಹಾಳೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹತ್ತಿ ಕೂತಳು. ತಂಗಿ ಬಾಗಿಲಲ್ಲಿ ನಿಂತು ನೋಡಿದಳು, ಬೇಡವೆನ್ನಲಿಲ್ಲ.